ಅಪ್‌ಡೇಟ್: ಒಣ ವೇದಾವತಿಯಿಂದ ನೀರು ಇಂಗಿಸುತ್ತಿದ್ದ ಮಾದರಿ

ಹಿರಿಯೂರಿನಿಂದ ಕೆಳಗಿನ ವೇದಾವತಿಗೆ ಮಾಡ್‌ಫ್ಲೋ ತಂತ್ರಾಂಶದಲ್ಲಿ ಅಂತರ್ಜಲ ಮಾದರಿ ಕಟ್ಟಿದಾಗ, ನದಿ ಒಣಗಿರುವ ಬೇಸಿಗೆಯಲ್ಲೂ ದಂಡೆಯ ಬಾವಿಗಳ ಮಟ್ಟ ಲೆಕ್ಕದಲ್ಲಿ ಇಳಿಯದಿರುವುದೇಕೆ ಎಂದು ಕೇಳಿದ್ದೆ. ನದಿಯ ಪ್ಯಾಕೇಜನ್ನೇ (ನದಿ ಮತ್ತು ಅಂತರ್ಜಲದ ನಡುವಿನ ನೀರಿನ ವಿನಿಮಯವನ್ನು ಲೆಕ್ಕಹಾಕುವ ತಂತ್ರಾಂಶದ ಭಾಗ) ಬದಲಿಸಿ ಎಂದು ಹಲವರು ನೀಡಿದ ಸಲಹೆ ಫಲಿಸಿದೆ. ಅವರಿಗೆಲ್ಲ ಕೃತಜ್ಞತೆಗಳು.

ನಾನು ಮೊದಲು ಬಳಸಿದ್ದ ರಿವರ್ ಪ್ಯಾಕೇಜಿನಲ್ಲಿ, ನದಿಯಿಂದ ನೆಲಕ್ಕಿಳಿಯುವ ಸೋರಿಕೆಯೆಂದರೆ ನದಿಯ ಮಟ್ಟ ಮತ್ತು ಅಂತರ್ಜಲ ಮಟ್ಟಗಳ ವ್ಯತ್ಯಾಸವನ್ನು ನದಿತಳದ ವಾಹಕತೆಯಿಂದ (ತಳದ ಮೂಲಕ ನೀರು ಎಷ್ಟು ಸುಲಭವಾಗಿ ಹಾಯುತ್ತದೆ ಎಂಬ ಅಳತೆ) ಗುಣಿಸಿದ ಮೊತ್ತ. ಅಂತರ್ಜಲವು ತಳದ ಪದರಕ್ಕಿಂತ ಕೆಳಗಿಳಿದ ಮೇಲೆ ಸೋರಿಕೆ ಇನ್ನಷ್ಟು ಹೆಚ್ಚದೆ ಸ್ಥಿರವಾಗುತ್ತದೆ, ಆದರೆ ನದಿಯಲ್ಲಿ ಅಷ್ಟು ನೀರು ನಿಜವಾಗಿಯೂ ಇದೆಯೇ ಎಂಬುದನ್ನು ಮಾದರಿ ಎಲ್ಲಿಯೂ ಪರೀಕ್ಷಿಸುವುದಿಲ್ಲ. ವರ್ಷವಿಡೀ ಹರಿಯುವ ನದಿಗೆ ಇಷ್ಟು ಸಾಕು. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದ ಕೆಳಗೆ, ಮಳೆ ಸುರಿದಾಗಲೋ ನೀರು ಬಿಟ್ಟಾಗಲೋ ಮಾತ್ರ ತುಂಬುವ ಮರಳಿನ ಪಾತ್ರಕ್ಕೆ ಇದು ಸಲ್ಲದು.

ಸ್ಟ್ರೀಮ್‌ಫ್ಲೋ ರೂಟಿಂಗ್ ಪ್ಯಾಕೇಜು ಹರಿವನ್ನು ಮೇಲಿನಿಂದ ಕೆಳಕ್ಕೆ ಭಾಗ ಭಾಗವಾಗಿ ಲೆಕ್ಕವಿಟ್ಟು, ಇರುವಷ್ಟು ನೀರನ್ನು ಮಾತ್ರ ಇಂಗಲು ಬಿಡುತ್ತದೆ. ಅದನ್ನು ಅಳವಡಿಸಿದ ಮೇಲೆ ಬೇಸಿಗೆಯ ಇಳಿತ ಸರಿಯಾಗಿ ಕಾಣಿಸುತ್ತಿದೆ.

ಉಳಿದಿರುವ ತೊಡಕು ನದಿತಳದ ವಾಹಕತೆಯದು. ಬಾವಿಗಳ ಮಟ್ಟವೊಂದನ್ನೇ ಹಿಡಿದು ಹೊಂದಿಸಹೊರಟರೆ, ಹೆಚ್ಚು ಸೋರಿಕೆ ಮತ್ತು ಹೆಚ್ಚು ಪಂಪಿಂಗ್ ಒಂದನ್ನೊಂದು ಸರಿದೂಗಿಸಿ, ಹಲವು ತಪ್ಪು ಜೋಡಿಗಳೂ ಸರಿಯಾದ ಉತ್ತರವನ್ನೇ ಕೊಡುತ್ತವೆ. ಆದ್ದರಿಂದ ಮುಂದೆ ಜಲಾಶಯದಿಂದ ನೀರು ಬಿಟ್ಟಾಗ ಮೇಲೊಂದು, ಕೆಳಗೊಂದು ಕಡೆ ಹರಿವನ್ನು ಅಳೆದು, ನಡುವಿನ ನಷ್ಟದಿಂದಲೇ ವಾಹಕತೆಯನ್ನು ನಿರ್ಧರಿಸುವುದು ಸೂಕ್ತವೆಂದು ನನ್ನ ಅಭಿಪ್ರಾಯ; ಮರಳು ತೆಗೆದು ಪಾತ್ರ ತಗ್ಗಿರುವ ಕಡೆ ತಳದ ಎತ್ತರವನ್ನೂ ಆಗಲೇ ಹೊಸದಾಗಿ ಅಳೆಯಬೇಕಿದೆ.