ಕೆಜಿಎಫ್‌ನ ಸೈನೈಡ್ ದಿಬ್ಬಗಳಿಗೆ ಬೊಕ್ಕಸದ ಹಣವೇಕೆ?

ತೆರಿಗೆದಾರ: 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಕಂಪನಿ ಬಿಜಿಎಂಎಲ್ (ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್) ಬಾಗಿಲು ಹಾಕಿದ ಮೇಲೆ ಕೆಜಿಎಫ್‌ನಲ್ಲಿ (ಕೋಲಾರ ಚಿನ್ನದ ಗಣಿ ಪ್ರದೇಶ) ಉಳಿದಿರುವ 13 ಸೈನೈಡ್ ದಿಬ್ಬಗಳ (ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿ) ಮಣ್ಣು ಪರೀಕ್ಷೆಗೂ, ಆ ನೆಲವನ್ನು ಕೈಗಾರಿಕೆಗೆ ಹದಗೊಳಿಸುವುದಕ್ಕೂ ಸರ್ಕಾರವೇ ಹಣ ಕೊಡಬೇಕೆಂಬ ಬೇಡಿಕೆಯನ್ನು ನಾನು ಒಪ್ಪುವುದಿಲ್ಲ. ಮಾಲಿನ್ಯ ಮಾಡಿದವನೇ ದಂಡ ತೆರಬೇಕೆಂದು ರಾಜಸ್ಥಾನದ ಬಿಛ್ರಿ ಗ್ರಾಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿಯೇ ತೀರ್ಪು ಕೊಟ್ಟಿದೆ. ಆ ವಿಷದ ಗುಡ್ಡಗಳಿಗೆ ನಮ್ಮ ತೆರಿಗೆ ಏಕೆ ಹೋಗಬೇಕು?

ಮಾರಿಕುಪ್ಪಂ (ಕೆಜಿಎಫ್‌ನ ಒಂದು ಭಾಗ) ನಿವಾಸಿ: "ಮಾಲಿನ್ಯ ಮಾಡಿದವನೇ" ಎಂದಿರಲ್ಲ, ಅವನು ಯಾರೆಂದು ತಾವೇ ಹೇಳಿ. 1880ರಿಂದ ಗಣಿ ನಡೆಸಿದ ಜಾನ್ ಟೇಲರ್ ಕಂಪನಿಯ ಕಾಲ 1956ರ ರಾಷ್ಟ್ರೀಕರಣದೊಂದಿಗೆ ಮುಗಿಯಿತು. ಆಮೇಲೆ ಮೈಸೂರು ಸರ್ಕಾರ, 1962ರಿಂದ ಕೇಂದ್ರ ಸರ್ಕಾರ, 1972ರಿಂದ ಕೇಂದ್ರದ್ದೇ ಆದ ಬಿಜಿಎಂಎಲ್. ತಮ್ಮ ತತ್ವವನ್ನು ಚಾಚೂ ತಪ್ಪದೆ ಪಾಲಿಸಿದರೂ ಬಿಲ್ಲು ಬಂದು ನಿಲ್ಲುವುದು ಬೊಕ್ಕಸದ ಮುಂದೆಯೇ.

ಭೂವಿಜ್ಞಾನ ಬೋಧಕ: ಹಣದ ಮಾತು ಆಮೇಲಿರಲಿ. "ವಿಷದ ಗುಡ್ಡ" ಎಂಬ ಮಾತಿಗೆ ನನ್ನ ಆಕ್ಷೇಪವಿದೆ. ಚಿನ್ನ ತೆಗೆಯಲು ಬಳಸಿದ ಸೈನೈಡ್ ಬಿಸಿಲು ಮತ್ತು ಗಾಳಿಗೆ ಒಡ್ಡಿಕೊಂಡಾಗ ಕಾಲಕ್ರಮೇಣ ಒಡೆದು ಹೋಗುತ್ತದೆ. ದಶಕಗಳ ಹಿಂದಿನ ದಿಬ್ಬವನ್ನು ಇನ್ನೂ ಸೈನೈಡಿನ ಹೆಸರಿನಲ್ಲಿ ತೋರಿಸಿ ಜನರನ್ನು ಹೆದರಿಸುವುದು ಸರಿಯಲ್ಲ.

ಮಾರಿಕುಪ್ಪಂ ನಿವಾಸಿ: ಬಿಸಿಲು ತಾಗುವುದು ದಿಬ್ಬದ ಮೇಲ್ಮೈಗೆ ಮಾತ್ರ, ಸ್ವಾಮಿ. ಆಷಾಢದ ಗಾಳಿ ಎದ್ದಾಗ ಒಮ್ಮೆ ನಮ್ಮ ಲೈನ್ ಮನೆಗಳ (ಗಣಿ ಕಾರ್ಮಿಕರ ಸಾಲುಮನೆಗಳ) ಕಡೆ ಬನ್ನಿ. ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿದರೂ ನೀರಿನ ಬಿಂದಿಗೆಯ ಮುಚ್ಚಳದ ಮೇಲೆ ಹಿಟ್ಟಿನಷ್ಟು ನಯವಾದ ಬೂದುಬಣ್ಣದ ಪುಡಿ ಕೂತಿರುತ್ತದೆ. ಅದು ಒಡೆದ ಸೈನೈಡೋ, ಒಡೆಯದ ಸೈನೈಡೋ ಎಂದು ಕೆಮ್ಮುವ ಮಗುವಿಗೆ ತಾವೇ ಪಾಠ ಮಾಡಿ.

ಭೂವಿಜ್ಞಾನ ಬೋಧಕ: ಈ ಧಾಟಿಯ ಮಾತು ಬೇಡ. "ಬೂದುಬಣ್ಣದ ಪುಡಿ" ಎಂದು ತಾವು ವರ್ಣಿಸಿದ್ದು ಅರೆದ ಬಂಡೆಯ ಪುಡಿ. ಅದರಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಹಾನಿಕರವೆಂಬುದನ್ನು ಗಣಿ ಕಾರ್ಮಿಕರ ಸಿಲಿಕೋಸಿಸ್ ಕಾಯಿಲೆಯೇ ತೋರಿಸಿದೆ. ಧೂಳಿನ ಸಮಸ್ಯೆ ಬೇರೆ, ಸೈನೈಡಿನ ಸಮಸ್ಯೆ ಬೇರೆ.

ತೆರಿಗೆದಾರ: ಸೈನೈಡ್ ಒಡೆದು ಹೋಗಿದೆ ಎಂದು ಬೋಧಕರೇ ಹೇಳಿದ ಮೇಲೆ ಪರೀಕ್ಷೆಗೆ ಕೋಟಿಗಟ್ಟಲೆ ಸುರಿಯುವ ಅಗತ್ಯವೇ ಉಳಿಯುವುದಿಲ್ಲ. ಗಿಡ ನೆಡಿ, ಧೂಳು ನಿಲ್ಲುತ್ತದೆ.

ಭೂವಿಜ್ಞಾನ ಬೋಧಕ: ನನ್ನ ಮಾತನ್ನು ತಿರುಚಬೇಡಿ! ದಿಬ್ಬದ ಒಳಪದರದಲ್ಲಿ ಏನಿದೆ ಎಂಬುದನ್ನು ಕೊರೆದು ನೋಡದೆ ಹೇಳಲಾಗದು. ಸೈನೈಡ್ ಒಡೆದು ಹೋಗುವ ಹಾಗೆ ಲೋಹಗಳು ಬಿಸಿಲಿಗೆ ಒಡೆದು ಹೋಗುವುದಿಲ್ಲ. ಇನ್ನು ಗಿಡದ ವಿಷಯ: ಮಣ್ಣಿನ ಗುಣ ತಿಳಿಯದೆ ಯಾವ ಗಿಡ ನೆಡುತ್ತೀರಿ?

ಕಾನೂನು ವಿದ್ಯಾರ್ಥಿ: ಸೈನೈಡಿನ ಜಗಳದಲ್ಲಿ ಮುಖ್ಯ ಸಂಗತಿ ಮರೆತುಹೋಗಿದೆ. 2025ರ ಜುಲೈನಲ್ಲಿ ಹೊರಬಂದ ಕಲುಷಿತ ಸ್ಥಳಗಳ ನಿರ್ವಹಣಾ ನಿಯಮಗಳ ಪ್ರಕಾರ, ಮಾಲಿನ್ಯಕ್ಕೆ ಕಾರಣರಾದವರು ಸಿಗದಿದ್ದರೆ ಅಥವಾ ಅವರಿಗೆ ಶಕ್ತಿ ಇಲ್ಲದಿದ್ದರೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ವೆಚ್ಚವನ್ನು ಹಂಚಿಕೊಳ್ಳಬೇಕು. ಆದರೆ ಗಣಿಗಾರಿಕೆಯ ಮಾಲಿನ್ಯವನ್ನು ಅದೇ ನಿಯಮಗಳು ಸಾಮಾನ್ಯವಾಗಿ ಹೊರಗಿಟ್ಟಿವೆ. ಬಿಛ್ರಿಯ ತೀರ್ಪನ್ನು ಉಲ್ಲೇಖಿಸಿದವರು ಅದರ ಮುಂದಿನ ಕಥೆಯನ್ನೂ ಹೇಳಬೇಕಿತ್ತು: ಶುದ್ಧೀಕರಣಕ್ಕೆಂದು ಕಟ್ಟಬೇಕಿದ್ದ ಸುಮಾರು 37 ಕೋಟಿ ರೂಪಾಯಿ ಕಟ್ಟದೆ ಅಲ್ಲಿ ಮಾಲಿನ್ಯ ಮಾಡಿದ ಕಂಪನಿ ಅರ್ಜಿಯ ಮೇಲೆ ಅರ್ಜಿ ಹಾಕುತ್ತಾ ಹೋಯಿತು, ಕೊನೆಗೆ 2011ರಲ್ಲಿ ಚಕ್ರಬಡ್ಡಿ ಸಮೇತ ಕಟ್ಟಬೇಕೆಂದು ಕೋರ್ಟ್ ಮತ್ತೆ ಆದೇಶಿಸಬೇಕಾಯಿತು.

ತೆರಿಗೆದಾರ: "ಹೊರಗಿಟ್ಟಿವೆ" ಎಂದು ತಾವೇ ಒಪ್ಪಿದಿರಿ, ಹಾಗಾದರೆ ಸರ್ಕಾರಕ್ಕೆ ಬಾಧ್ಯತೆಯೇ ಇಲ್ಲ. 2024ರ ಜೂನ್‌ನಲ್ಲಿ ಸಾವಿರ ಎಕರೆಯಷ್ಟು ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯಲು ರಾಜ್ಯ ಸಂಪುಟ ಒಪ್ಪಿದೆಯಲ್ಲ. ಚಿನ್ನ ಒಯ್ಯುವವನೇ ಪರೀಕ್ಷೆಯ ಖರ್ಚನ್ನೂ ಹೊರಲಿ.

ಮಾರಿಕುಪ್ಪಂ ನಿವಾಸಿ: "ಚಿನ್ನ ಒಯ್ಯುವವನೇ" ಪರೀಕ್ಷೆ ಮಾಡಿಸಿದರೆ ತಾನು ತೊಳೆಯಬೇಕಾದ ಕೊಳೆಯನ್ನು ತಾನೇ ಅಳೆದಂತಾಗುತ್ತದೆ. ಸುಮಾರು 3.3 ಕೋಟಿ ಟನ್ ಪುಡಿಯನ್ನು ಕೆದಕಿ, ಮತ್ತೆ ರಾಸಾಯನಿಕಕ್ಕೆ ಹಾಕಿ, ಬೇರೆಡೆ ಸುರಿದರೆ ದಿಬ್ಬ ಜಾಗ ಬದಲಿಸುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಟೆಂಡರಿಗೆ ಮೊದಲೇ, ಸರ್ಕಾರದ ಹಣದಲ್ಲಿ, ಮಣ್ಣು, ಬಾವಿನೀರು ಮತ್ತು ಗಾಳಿಯ ಪರೀಕ್ಷೆ ನಡೆದು ವರದಿ ಜನರ ಕೈಗೆ ಬರಬೇಕು. ಶುದ್ಧೀಕರಣದ ವೆಚ್ಚವನ್ನು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಲಿ, ಬೇಡವೆಂದವರು ಯಾರು?

ತೆರಿಗೆದಾರ: ಭೋಪಾಲದಲ್ಲಿ ಯೂನಿಯನ್ ಕಾರ್ಬೈಡಿನ 337 ಟನ್ ತ್ಯಾಜ್ಯ ಸಾಗಿಸಿ ಸುಡುವುದಕ್ಕೆ ಕೇಂದ್ರ 126 ಕೋಟಿ ರೂಪಾಯಿ ಕೊಟ್ಟಿತು. ಅದೇ ದರದಲ್ಲಿ 3.3 ಕೋಟಿ ಟನ್ನಿಗೆ ಲೆಕ್ಕ ಹಾಕಿ ನೋಡಿ.

ಕಾನೂನು ವಿದ್ಯಾರ್ಥಿ: ಡ್ರಮ್ಮು, ಚೀಲಗಳಲ್ಲಿಟ್ಟ ಕೀಟನಾಶಕದ ತ್ಯಾಜ್ಯಕ್ಕೂ ಬಂಡೆಪುಡಿಗೂ ಒಂದೇ ದರ ಹಚ್ಚುವ ಲೆಕ್ಕವನ್ನು ಇದೇ ಮೊದಲು ನೋಡುತ್ತಿದ್ದೇನೆ. ದಿಬ್ಬ ಸುಡಬೇಕೆಂದು ಇಲ್ಲಿ ಯಾರೂ ಕೇಳಿಲ್ಲ.

ಭೂವಿಜ್ಞಾನ ಬೋಧಕ: ಬಂಡೆಪುಡಿ ಎಂದು ಈಗಲಾದರೂ ಒಪ್ಪಿದ್ದಕ್ಕೆ ಧನ್ಯವಾದ.

ತೆರಿಗೆದಾರ: ಪರೀಕ್ಷೆಯ ಖರ್ಚನ್ನೂ ಗುತ್ತಿಗೆದಾರನಿಂದ ಹಿಂಪಡೆಯುವುದಾಗಿ ಟೆಂಡರಿನ ಷರತ್ತಿನಲ್ಲಿ ಬರೆದು ತೋರಿಸಿ. ಅಲ್ಲಿಯವರೆಗೆ ನನ್ನ ವಿರೋಧ ಇದ್ದೇ ಇರುತ್ತದೆ.