ಟ್ಯಾಬ್ಲೆಟ್‌ನಲ್ಲಿ ಟ್ರಾಫಿಕ್ ಇದೆ, ಕಿಟಕಿಯಲ್ಲಿ ಇಲ್ಲ

ಬಾಲಂಗೋಚಿ: ತಲೆ ಕೆಟ್ಟು ಹೋಗಿದೆ. ಸುತ್ತಲಿನ ವಿಮಾನಗಳು (ಟ್ರಾಫಿಕ್) ರೇಡಿಯೋದಲ್ಲಿ ಸಾರುವ ತಮ್ಮ ಜಾಗವನ್ನು ಹಿಡಿದು ಟ್ಯಾಬ್ಲೆಟ್‌ಗೆ ಕಳಿಸುವ ಎಡಿಎಸ್-ಬಿ ರಿಸೀವರ್ 'ಎರಡು ಗಂಟೆ (ನೇರ ಮುಂದೆ 12 ಅಂತ ಗಡಿಯಾರದ ಲೆಕ್ಕದ ದಿಕ್ಕು), 2 ಮೈಲಿ, 300 ಅಡಿ ಕೆಳಗೆ' ಅಂತ ತೋರಿಸುತ್ತದೆ. ಕಣ್ಣು ನೋಯುವಷ್ಟು ಹುಡುಕಿದರೂ ಅಲ್ಲಿ ಏನೂ ಇಲ್ಲ. ಆಮೇಲೆ ನೋಡಿದರೆ ಅದೇ ವಿಮಾನ ಪಕ್ಕದ ಸೀಟಿನವನ ಮೂಗಿನ ಹಿಂದಿನಿಂದ ಹೊರಗೆ ಬರುತ್ತದೆ! ಸಾಫ್ಟ್‌ವೇರ್ ಎಲ್ಲ ಅಪ್‌ಡೇಟ್ ಆಗಿದೆ. ಈ ಡಬ್ಬಾ ಬಿಸಾಕಲಾ?

ಆಂಟೆನಾಪ್ರಿಯ: ಮುಂದಿನ ಗಾಜಿನ ಕೆಳಗಿನ ಗ್ಲೇರ್‌ಶೀಲ್ಡ್ ಮೇಲೆ ಇಟ್ಟಿದ್ದೀರಿ, ಅಲ್ವಾ? ಆ ಸಿಗ್ನಲ್ ಬರುವ 1090 ಮೆಗಾಹರ್ಟ್ಸ್‌ಗೆ ಎಂಜಿನ್, ನಿಮ್ಮ ಮೈ ಎಲ್ಲವೂ ಅಡ್ಡ. ಹಿಂದಿನ ಕಿಟಕಿಗೆ ಆಂಟೆನಾ ನೆಟ್ಟಗೆ ನಿಲ್ಲಿಸಿ.

ಬಾಲಂಗೋಚಿ: ಹಿಂದೆ ಇಟ್ಟೆ. ಈಗ ಟ್ರಾಫಿಕ್ ಜಾಸ್ತಿ ಕಾಣುತ್ತದೆ, ದಿಕ್ಕು ಮಾತ್ರ ಹಾಗೇ ತಪ್ಪು.

ಆಂಟೆನಾಪ್ರಿಯ: ಹಾಗಾದರೆ ಕೇಬಲ್. ಬದಲಾಯಿಸಿ.

ರಡಾರ್‌ಮಾವ: ಕೇಬಲ್ ಬಿಡಿ ಸ್ವಾಮಿ. ಆ ವಿಮಾನ ತನ್ನ ಜಿಪಿಎಸ್ ಜಾಗವನ್ನು ತಾನೇ ಹೇಳುತ್ತದೆ. ಆಂಟೆನಾ ಕೆಟ್ಟರೆ ಅದು ಮಾಯವಾಗಬೇಕು, ಪಕ್ಕಕ್ಕೆ ಸರಿಯಲ್ಲ. ಇನ್ನೊಂದು ಮಾತು, ಸ್ಕ್ರೀನ್ ನೋಡಿ ಟವರ್‌ಗೆ 'ಟ್ರಾಫಿಕ್ ಇನ್ ಸೈಟ್' (ವಿಮಾನ ಕಣ್ಣಿಗೆ ಕಂಡಿದೆ) ಅನ್ನಬೇಡಿ. ಕಣ್ಣಿಗೆ ಬಿದ್ದು ಆಮೇಲೆ ತಪ್ಪಿಹೋದರೂ ತಕ್ಷಣ ಹೇಳಿ. 1978ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಪಿಎಸ್‌ಎ ಕಂಪನಿಯ ಬೋಯಿಂಗ್ 727 ಪೈಲಟ್‌ಗಳು ಪುಟ್ಟ ಸೆಸ್ನಾ ವಿಮಾನ ಕಂಡಿದೆ ಅಂದರು, ಕಳೆದುಕೊಂಡದ್ದನ್ನು ಸರಿಯಾಗಿ ತಿಳಿಸಲಿಲ್ಲ. ಎರಡೂ ಡಿಕ್ಕಿಯಾಗಿ 144 ಜನ ಸತ್ತರು.

ಆಂಟೆನಾಪ್ರಿಯ: ಅವರು ಕೇಳಿದ್ದು ರಿಸೀವರ್ ಬಗ್ಗೆ. ಪಾಠ ಯಾರು ಕೇಳಿದರು?

ಗಾಜುಮನೆ: ನನ್ನದರಲ್ಲಿ ಎರಡು ದೊಡ್ಡ ಸ್ಕ್ರೀನ್, ಹೊಟ್ಟೆಯ ಕೆಳಗೊಂದು ಬೆನ್ನ ಮೇಲೊಂದು ಆಂಟೆನಾ, ಹೆಡ್‌ಸೆಟ್‌ನಲ್ಲೇ ಎಚ್ಚರಿಕೆ. ಪೋರ್ಟಬಲ್ ಇಟ್ಟುಕೊಂಡು ಸುಮ್ನೆ ಯಾಕೆ ಒದ್ದಾಡ್ತೀರಿ?

ರಡಾರ್‌ಮಾವ: ಕಿಟಕಿ ಇದೆಯಾ ಅದರಲ್ಲಿ?

ಓರೆಗಾಳಿ: ಗಾಳಿ ಎಷ್ಟಿತ್ತು? ನಕ್ಷೆ ಟ್ರ್ಯಾಕ್-ಅಪ್‌ನಲ್ಲಿದೆಯಾ, ಅಂದರೆ ನೀವು ಸಾಗುವ ದಾರಿ ಮೇಲ್ಮುಖವಾಗಿದೆಯಾ?

ಬಾಲಂಗೋಚಿ: ಟ್ರ್ಯಾಕ್-ಅಪ್. ಗಾಳಿ ನೇರ ಎಡದಿಂದ 30 ನಾಟ್, ನನ್ನ ಏರ್‌ಸ್ಪೀಡ್ 100. ಇಲ್ಲಿ ದಿನಾ ಇರೋದೇ, ಅದಕ್ಕೂ ಇದಕ್ಕೂ ಏನು ಸಂಬಂಧ?

ಓರೆಗಾಳಿ: ಅಷ್ಟು ಗಾಳಿಗೆ ನಿಮ್ಮ ವಿಮಾನದ ಮೂಗು ಸಾಗುವ ದಾರಿಗಿಂತ ಸುಮಾರು 17 ಡಿಗ್ರಿ ಎಡಕ್ಕಿರುತ್ತದೆ. ಟ್ಯಾಬ್ಲೆಟ್ ಗಂಟೆ ಎಣಿಸುವುದು ದಾರಿಯಿಂದ, ನೀವು ಎಣಿಸುವುದು ಮೂಗಿನಿಂದ. ಒಂದು ಗಂಟೆ ಅಂದರೆ 30 ಡಿಗ್ರಿ. ಅಲ್ಲಿಗೆ ಅದರ 'ಎರಡು' ನಿಮಗೆ ಎರಡೂವರೆ ದಾಟಿತು, ಪಕ್ಕದವನ ತಲೆಯ ಮರೆಗೆ. ಕಂಟ್ರೋಲರ್ ಹೇಳುವ ಗಂಟೆಗೂ ಇದೇ ಲೆಕ್ಕ, ರಡಾರ್‌ನಲ್ಲಿ ನಿಮ್ಮ ಮೂಗು ಕಾಣಲ್ಲ. ಡಿಕ್ಕಿ ದಾರಿಯಲ್ಲಿರುವ ವಿಮಾನ ಗಾಜಿನ ಮೇಲೆ ಕದಲುವುದೂ ಇಲ್ಲ, ಮರೆಯಲ್ಲಿದ್ದರೆ ಮರೆಯಲ್ಲೇ ಉಳಿಯುತ್ತದೆ, ಹಾಗಾಗಿ ತಲೆ ಮುಂದೆ ಹಿಂದೆ ಮಾಡಿ ನೋಡಿ. ಖಾಲಿ ಆಕಾಶವನ್ನೇ ದಿಟ್ಟಿಸಿದರೆ ಕಣ್ಣು ಒಂದೆರಡು ಮೀಟರ್‌ಗೇ ಫೋಕಸ್ ಆಗಿಬಿಡುತ್ತದೆ. ಮೊದಲು ದೂರದ ಮೋಡ ನೋಡಿ, ಆಮೇಲೆ 10 ಡಿಗ್ರಿ ತುಂಡುಗಳಾಗಿ ಹುಡುಕಿ, ಪ್ರತಿ ತುಂಡಿನಲ್ಲಿ ಒಂದು ಸೆಕೆಂಡಾದರೂ ಕಣ್ಣು ನಿಲ್ಲಲಿ.

ಆಂಟೆನಾಪ್ರಿಯ: ಇರಬಹುದು. ಆದರೂ ಆ ಕನೆಕ್ಟರ್ ಫೋಟೋ ಹಾಕಿ.

ಬಾಲಂಗೋಚಿ: ಮೂಗಿನ ದಿಕ್ಕು ಮೇಲೆ ಬರುವ ಹೆಡಿಂಗ್-ಅಪ್ ಮೆನುವಿನಲ್ಲೇ ಇಲ್ಲವಲ್ಲ?

ಹೊಸರೆಕ್ಕೆ: ಇಲ್ಲೇ ಕೇಳುತ್ತೇನೆ, ಕ್ಷಮಿಸಿ. ನನ್ನ ಹಿಂದೆಯೇ, ನನ್ನದೇ ಎತ್ತರದಲ್ಲಿ ಯಾವುದೋ ವಿಮಾನ ಸದಾ ಅಂಟಿಕೊಂಡಿರುತ್ತದೆ. ತಿರುಗಿದರೆ ಅದೂ ತಿರುಗುತ್ತದೆ.

ರಡಾರ್‌ಮಾವ: ಅದು ನೀವೇ, ನಿಮ್ಮದೇ ಸಿಗ್ನಲ್ ರಿಸೀವರ್ ಹಿಡಿಯುತ್ತಿದೆ. ಸೆಟ್ಟಿಂಗ್ಸ್‌ನಲ್ಲಿ ಆ ಸಿಗ್ನಲ್ ಕಳಿಸುವ ನಿಮ್ಮ ಟ್ರಾನ್ಸ್‌ಪಾಂಡರ್‌ನ 24 ಬಿಟ್ ಗುರುತಿನ ಕೋಡ್ ಹಾಕಿ.

ಗಾಜುಮನೆ: ನನ್ನದಕ್ಕೆ ಆ ತೊಂದರೆಯೇ ಇಲ್ಲ.