ಸ್ಪೇನಿಗೆ ಹೊರಟ ಪುಟ್ಟಿಗೆ ಅಕ್ಕನ ಉದ್ದನೆಯ ಮೆಸೇಜು

ಪುಟ್ಟಿ, ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ ಪಟ್ಟಿ ಈಗ ನೋಡಿದೆ. ಜುಲೈ ಕೊನೆಗೆ ಹತ್ತು ದಿನ. ಮ್ಯಾಡ್ರಿಡ್, ಟೊಲೆಡೊ, ಕಾರ್ಡೊಬಾ, ಸೆವಿಲ್, ಗ್ರನಾಡಾ, ಬಾರ್ಸಿಲೋನಾ. ಜೊತೆಗೆ ಐದು ವರ್ಷದ ಮಗಳು, ಎರಡು ವರ್ಷದ ಮಗ, ಹರಿಹರದಿಂದ ಲಂಡನ್ನಿಗೆ ಬರುವ ಚಿಕ್ಕಪ್ಪ ಚಿಕ್ಕಮ್ಮ. "ಅಕ್ಕ, ನೀನು ಎರಡು ಸಲ ಹೋಗಿ ಬಂದಿದ್ದೀಯ, ಸರಿ ಇದೆಯಾ ಹೇಳು" ಅಂದಿದ್ದೀಯ. ಫೋನಲ್ಲಿ ಇಷ್ಟೆಲ್ಲ ಹೇಳಲು ಆಗುವುದಿಲ್ಲ. ಮಾತಾಡಿದ ಹಾಗೇ ಬರೆಯುತ್ತೇನೆ, ಪುರುಸೊತ್ತಿದ್ದಾಗ ಓದು. ಚಿಕ್ಕಮ್ಮನೂ ಓದಲಿ.

ಮೊದಲ ಮಾತು. ಆರು ಊರು ಬೇಡ, ಎರಡು ಸಾಕು. ಜುಲೈನಲ್ಲಿ ಕಾರ್ಡೊಬಾ, ಸೆವಿಲ್ ಅಂತೂ ಬೇಡವೇ ಬೇಡ.

ನಾವು ಮೊದಲ ಸಲ ಹೋದದ್ದೂ ಜುಲೈನಲ್ಲೇ. ದಾವಣಗೆರೆ ಬಿಸಿಲಲ್ಲಿ ಬೆಳೆದವಳು ನಾನು, ಬಿಸಿಲು ಏನು ಮಾಡುತ್ತದೆ ಅಂದುಕೊಂಡಿದ್ದೆ. ಮ್ಯಾಡ್ರಿಡ್‌ನಿಂದ ಕಾರ್ಡೊಬಾಗೆ ಫಾಸ್ಟ್ ಟ್ರೈನಿನಲ್ಲಿ ಎರಡು ಗಂಟೆಯೂ ಇಲ್ಲ. ಬೆಳಿಗ್ಗೆ ಮೆಸ್ಕಿಟಾ ಒಳಗೆ ಹೋದೆವು. ಹಳೇ ಮಸೀದಿ, ಮಧ್ಯದಲ್ಲೇ ಚರ್ಚು. ಸಾಲುಸಾಲು ಕಂಬ, ಒಳಗೆ ತಣ್ಣಗಿತ್ತು. ಮಕ್ಕಳು ಕಂಬದ ಹಿಂದೆ ಅವಿತುಕೊಂಡು ಚೆನ್ನಾಗಿ ಆಡಿದರು. ಹೊರಗೆ ಬಂದಾಗ ಮಧ್ಯಾಹ್ನ ಎರಡು. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ, ಅಂಗಡಿಗಳ ಬಾಗಿಲು ಹಾಕಿದೆ. ನೆರಳಲ್ಲಿ ನಿಂತರೂ ಕಲ್ಲಿನ ಗೋಡೆಯಿಂದ ಝಳ ಹೊಡೆಯುತ್ತಿತ್ತು. ಚಿಕ್ಕವನನ್ನು ಮಗುವಿನ ತಳ್ಳುಗಾಡಿಯಲ್ಲಿ ಕೂರಿಸಿದೆ. ಬೆಲ್ಟಿನ ಬಕಲ್ ತೊಡೆಗೆ ತಾಗಿ ಚೀರಿಬಿಟ್ಟ. ಉಗುರಿನಷ್ಟು ಅಗಲ ಕೆಂಪು ಗುರುತು. ನಾಲ್ಕು ಗಂಟೆಗೆ ನೋಡಿದರೆ ಬೆಳಿಗ್ಗೆ ಹಾಕಿದ ಡೈಪರ್ ಇನ್ನೂ ಒಣಗಿಯೇ ಇತ್ತು. ಪುಟ್ಟಿ, ಆಗ ನನಗೆ ಕೈಕಾಲು ನಡುಗಿತು. ಹಸಿರು ಶಿಲುಬೆಯ ದೀಪ ಇರುವ ಮೆಡಿಕಲ್ ಶಾಪು ಹುಡುಕಿಕೊಂಡು ಓಡಿದೆ. ಆಯಮ್ಮ ಓಆರ್‌ಎಸ್ ಕೊಟ್ಟು, ಒಮ್ಮೆಗೇ ಕುಡಿಸಬೇಡ, ಚಮಚ ಚಮಚ ಕುಡಿಸು ಅಂದರು. ರಾತ್ರಿ ಎಂಟರ ಹೊತ್ತಿಗೆ ಡೈಪರ್ ಒದ್ದೆಯಾದಾಗ ಕಣ್ಣಲ್ಲಿ ನೀರು ಬಂತು.

ಆ ಕಡೆ ಜುಲೈ ಆಗಸ್ಟಿನಲ್ಲಿ 40 ಡಿಗ್ರಿ ದಾಟುವುದು ಮಾಮೂಲು. 2021ರ ಆಗಸ್ಟಿನಲ್ಲಿ ಕಾರ್ಡೊಬಾ ಪ್ರಾಂತ್ಯದ ಒಂದು ಊರಲ್ಲಿ 47.6 ಡಿಗ್ರಿ ಬಂದಿತ್ತು, ಇಡೀ ಸ್ಪೇನಿಗೇ ಅದು ದಾಖಲೆ. ಆ ಊರುಗಳು ಚೆಂದವೇ, ಇಲ್ಲ ಅನ್ನುವುದಿಲ್ಲ. ಈಸ್ಟರ್ ರಜೆಗೆ ಇಟ್ಟುಕೋ. ಏಪ್ರಿಲ್‌ನಲ್ಲಿ ಅಲ್ಲಿ ವಸಂತ, ಬೀದಿಯಲ್ಲೆಲ್ಲ ಕಿತ್ತಳೆ ಹೂವಿನ ವಾಸನೆ.

ಜುಲೈಗೆ ನಾನು ಹೇಳುವುದು ವಲೆನ್ಸಿಯಾ ಐದು ರಾತ್ರಿ, ಬಾರ್ಸಿಲೋನಾ ನಾಲ್ಕು ರಾತ್ರಿ. ಲಂಡನ್‌ನಿಂದ ವಲೆನ್ಸಿಯಾಗೆ ನೇರ ವಿಮಾನ ಇದೆ. ವಾಪಸ್ ಬಾರ್ಸಿಲೋನಾದಿಂದ ಹತ್ತಿದರೆ ಹೋದ ದಾರಿಯಲ್ಲೇ ಬರುವ ಕಷ್ಟ ಇಲ್ಲ. ಎರಡರ ನಡುವೆ ಟ್ರೈನು ಸುಮಾರು ಮೂರು ಗಂಟೆ. ಬಲಗಡೆ ಕೂತರೆ ಸಮುದ್ರ ಕಾಣುತ್ತದೆ. ಚಿಕ್ಕವನಿಗೆ ಬೇರೆ ಸೀಟು ಬೇಡ ಅಂದರೆ ದುಡ್ಡಿಲ್ಲ, ಆದರೂ ಬುಕ್ ಮಾಡುವಾಗ ಅವನನ್ನೂ ಸೇರಿಸು. ತಂಪು ಬೇಕೇ ಬೇಕು ಅಂದರೆ ಉತ್ತರದ ಸಾನ್ ಸೆಬಾಸ್ಟಿಯನ್ ಇದೆ, ಅಲ್ಲಿ ಸಾಮಾನ್ಯವಾಗಿ 25ರ ಆಸುಪಾಸು. ಆದರೆ ಅಲ್ಲಿ ಮಳೆ ಯಾವಾಗ ಬೇಕಾದರೂ ಬರುತ್ತದೆ, ಊಟ ಎಲ್ಲ ಮೀನೇ ಮೀನು. ಚಿಕ್ಕಮ್ಮನಿಗೆ ಕಷ್ಟ.

ವಲೆನ್ಸಿಯಾ ಯಾಕೆ ಗೊತ್ತಾ? ಊರ ನಡುವೆ ಹರಿಯುತ್ತಿದ್ದ ತುರಿಯಾ ನದಿ 1957ರಲ್ಲಿ ಉಕ್ಕಿ ಊರಿಗೇ ನುಗ್ಗಿತ್ತು. ಆಮೇಲೆ ಹೊಸ ಕಾಲುವೆ ತೋಡಿ ನದಿಯನ್ನು ಊರ ದಕ್ಷಿಣಕ್ಕೆ ತಿರುಗಿಸಿದರು. ಹಳೇ ಪಾತ್ರ ಪೂರ್ತಿ ಈಗ ಪಾರ್ಕು, ಕಿಲೋಮೀಟರುಗಟ್ಟಲೆ ಉದ್ದ. ಗಾಡಿ ತಳ್ಳಿಕೊಂಡು ಎಷ್ಟು ದೂರ ಹೋದರೂ ಒಂದು ರಸ್ತೆ ದಾಟಬೇಕಾಗಿಲ್ಲ, ಸೇತುವೆಗಳೆಲ್ಲ ತಲೆ ಮೇಲೆ. ಚಿಕ್ಕಮ್ಮ "ಅಲ್ಲಿ ನೆರೆ ಬಂದಿತ್ತಲ್ಲ" ಅಂತ ಕೇಳಿದ್ದರು. ಹೌದು ಚಿಕ್ಕಮ್ಮ, 2024ರ ಅಕ್ಟೋಬರ್ ಕೊನೆಗೆ. ದಕ್ಷಿಣದ ಊರುಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ನಗರದ ಒಳಗೆ ನೀರು ನುಗ್ಗದಂತೆ ಉಳಿಸಿದ್ದು ಆ ಕಾಲುವೆಯೇ.

ಆ ಪಾರ್ಕಿನಲ್ಲಿ ಗಲಿವರ್ ಇದ್ದಾನೆ. ನೆಲದ ಮೇಲೆ ಕಟ್ಟಿಹಾಕಿ ಮಲಗಿಸಿದ ದೈತ್ಯ, ಸುಮಾರು 70 ಮೀಟರ್ ಉದ್ದ. ಅವನ ಕೋಟಿನ ಮಡಿಕೆ, ತೋಳು, ಕೂದಲು ಎಲ್ಲ ಜಾರುಬಂಡೆ. ದುಡ್ಡಿಲ್ಲ. ನಾವು ಸಂಜೆ ಏಳಕ್ಕೆ ಹೋದೆವು. ನನ್ನ ಮಗಳು ಮೊಣಕೈ ಹತ್ತಿರದ ಮೆಟ್ಟಿಲು ಹತ್ತಿ ಇಳಿದು, ಹತ್ತಿ ಇಳಿದು, ಅಲ್ಲಿಯ ಹುಡುಗಿಯೊಬ್ಬಳ ಕೈ ಹಿಡಿದುಕೊಂಡುಬಿಟ್ಟಳು. ಇವಳಿಗೆ ಸ್ಪ್ಯಾನಿಷ್ ಬಾರದು, ಅವಳಿಗೆ ಕನ್ನಡ ಬಾರದು. ಒಂದೂವರೆ ಗಂಟೆ ಆಡಿದರು. ನಿನ್ನ ಮಗಳಿಗೆ ಇದೊಂದು ತೋರಿಸು ಪುಟ್ಟಿ, ಬೇರೆ ಏನು ಬಿಟ್ಟರೂ ಪರವಾಗಿಲ್ಲ.

ಇನ್ನೊಂದು ಚಿಕ್ಕಪ್ಪನಿಗೋಸ್ಕರ. ಊರ ದಕ್ಷಿಣಕ್ಕೆ ಅಲ್ಬುಫೇರಾ ಅಂತ ಕೆರೆ, ಸುತ್ತ ಭತ್ತದ ಗದ್ದೆ. ಪಾಯೆಯಾ ಅನ್ನುವ ಅವರ ಅನ್ನದಡುಗೆ ಹುಟ್ಟಿದ ಜಾಗ ಅದೇ. ಊರ ಬಸ್ಸೇ ಹೋಗುತ್ತದೆ. ಎಲ್ ಪಾಲ್ಮಾರ್ ಅನ್ನುವ ಹಳ್ಳಿಯಲ್ಲಿ ಇಳಿದು ದೋಣಿ ಹತ್ತಬಹುದು. ಮೇ ತಿಂಗಳಲ್ಲಿ ಬಿತ್ತಿ ಸೆಪ್ಟೆಂಬರಿನಲ್ಲಿ ಕೊಯ್ಯುತ್ತಾರೆ. ಜುಲೈನಲ್ಲಿ ಕಣ್ಣು ಹಾಯಿಸಿದಷ್ಟೂ ಹಸಿರು. ಎರಡನೇ ಸಲ ನಮ್ಮಪ್ಪನೂ ಬಂದಿದ್ದರು. ಅಲ್ಲಿಯವರೆಗೆ ಎಲ್ಲದಕ್ಕೂ "ಚೆನ್ನಾಗಿದೆ" ಅಂತ ಸುಮ್ನೆ ತಲೆಯಾಡಿಸುತ್ತಿದ್ದವರು ಇಲ್ಲಿ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಒಂದು ಬುಡ ಬಿಡಿಸಿ ನೋಡಿ, "ತೆಂಡೆ ಚೆನ್ನಾಗಿ ಒಡೆದಿದೆ, ನೀರಿಗೆ ಕೊರತೆ ಇಲ್ಲ ಇವರಿಗೆ" ಅಂದರು. ಭದ್ರಾ ನಾಲೆ ನೀರಿಗೆ ಕಾದು ಗದ್ದೆ ಮಾಡಿದವರಲ್ವಾ ಅಣ್ಣತಮ್ಮ ಇಬ್ಬರೂ. ಚಿಕ್ಕಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗು. ಸಂಜೆಯ ದೋಣಿಯೇ ಇರಲಿ.

ಈಗ ದಿನದ ಲೆಕ್ಕ. ಸ್ಪೇನ್ ಇರುವುದು ಹೆಚ್ಚೂಕಡಿಮೆ ನಿಮ್ಮ ಇಂಗ್ಲೆಂಡಿನ ನೇರಕ್ಕೇ, ಆದರೆ 1940ರಿಂದ ಗಡಿಯಾರ ಜರ್ಮನಿಯದ್ದು. ಹಾಗಾಗಿ ಬೇಸಿಗೆಯಲ್ಲಿ ಸೂರ್ಯ ನೆತ್ತಿಗೆ ಬರುವಾಗ ಎರಡು ಗಂಟೆ ದಾಟಿರುತ್ತದೆ, ಮುಳುಗುವಾಗ ಒಂಬತ್ತೂ ದಾಟಿರುತ್ತದೆ. ಐದಕ್ಕೂ ಉರಿ ಇಳಿದಿರುವುದಿಲ್ಲ. ನಿನ್ನ ಮಕ್ಕಳು ಏಳೂವರೆಗೆ ಮಲಗುತ್ತಾರೆ ಅಂತ ಗೊತ್ತು. ಹತ್ತು ದಿನ ಅದನ್ನು ಬಿಟ್ಟುಬಿಡು. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡೂವರೆವರೆಗೆ ತಿರುಗಾಡಿ. ಊಟ ಮಾಡಿ, ಕಿಟಕಿ ಮುಚ್ಚಿ, ಎಲ್ಲರೂ ಮಲಗಿ. ಚಿಕ್ಕಪ್ಪ ಚಿಕ್ಕಮ್ಮನಿಗೂ ಅದೇ ಹಿತ. ಆರೂವರೆ ಮೇಲೆ ಮತ್ತೆ ಹೊರಡಿ. ರಾತ್ರಿ ಹತ್ತಕ್ಕೆ ಯಾವುದೇ ಚೌಕಕ್ಕೆ ಹೋಗು, ಮಕ್ಕಳು ಚೆಂಡು ಒದೆಯುತ್ತಿರುತ್ತಾರೆ, ಅಜ್ಜ ಅಜ್ಜಿಯರು ಬೆಂಚಿನ ಮೇಲೆ ಕೂತು ಮಾತಾಡುತ್ತಿರುತ್ತಾರೆ. ಮಗು ಅತ್ತರೆ ಯಾರೂ ಮುಖ ಸಿಂಡರಿಸುವುದಿಲ್ಲ. ನಮ್ಮೂರಿನ ಜಗುಲಿ ನೆನಪಾಗುತ್ತದೆ.

ಸಮುದ್ರಕ್ಕೆ ಮಾಲ್ವಾರೋಸಾ ಬೀಚು. ಉಸುಕು, ಆಳ ನಿಧಾನಕ್ಕೆ ಇಳಿಯುತ್ತದೆ. ಬಾವುಟ ನೋಡು. ಹಸಿರು ಇದ್ದರೆ ಸರಿ. ಹಳದಿ ಇದ್ದರೆ ಮಕ್ಕಳನ್ನು ಪಾದದ ನೀರಿಗಷ್ಟೇ ಬಿಡು. ಕೆಂಪಿದ್ದರೆ ವಾಪಸ್.

ಬಾರ್ಸಿಲೋನಾದಲ್ಲಿ ಸಗ್ರಾದಾ ಫಮಿಲಿಯಾ ಅನ್ನುವ ಚರ್ಚು ಒಂದು ನೋಡಲೇಬೇಕು. 1882ರಲ್ಲಿ ಶುರುವಾದ ಕೆಲಸ. ಟಿಕೆಟ್ ಆನ್‌ಲೈನಲ್ಲಿ ಮುಂಚೆಯೇ ಮಾಡು, ಹನ್ನೊಂದು ವರ್ಷದೊಳಗಿನವರಿಗೆ ಉಚಿತ, ಆದರೂ ಅವರ ಟಿಕೆಟನ್ನೂ ಸೇರಿಸಬೇಕು. ಸಂಜೆಯ ಹೊತ್ತು ತೆಗೆದುಕೋ. ಪಶ್ಚಿಮದ ಕಿಟಕಿಗಳ ಗಾಜೆಲ್ಲ ಕೆಂಪು, ಕಿತ್ತಳೆ. ಬಿಸಿಲು ಬಿದ್ದರೆ ನೆಲವೆಲ್ಲ ಬಣ್ಣ, ಮಕ್ಕಳು ಅದರ ಮೇಲೆ ಕುಣಿಯುತ್ತಾರೆ. ಉಳಿದಂತೆ ಸಿಯುಟಡೆಲ್ಲಾ ಪಾರ್ಕಿನಲ್ಲಿ ದೋಣಿ, ಅಷ್ಟೇ ಸಾಕು. ಜನಜಂಗುಳಿಯಲ್ಲಿ ಜೇಬುಗಳ್ಳರು ಜಾಸ್ತಿ. ಪಾಸ್‌ಪೋರ್ಟುಗಳು ನಿಮ್ಮನೆಯವರ ಒಳಜೇಬಿನಲ್ಲಿರಲಿ, ಗಾಡಿಯ ಹಿಡಿಗೆ ಬ್ಯಾಗು ನೇತುಹಾಕಬೇಡ.

ಮನೆ ಹಿಡಿಯುವಾಗ ಎಸಿ, ಅಡುಗೆಮನೆ, ಲಿಫ್ಟು ಮೂರೂ ಇದೆಯಾ ಅಂತ ಬರೆದು ಕೇಳು. ಬಾರ್ಸಿಲೋನಾದ ಹಳೇ ಕಟ್ಟಡಗಳಲ್ಲಿ ನೆಲಮಹಡಿ ಆದಮೇಲೆ ಬೇರೆ ಹೆಸರಿನ ಒಂದೆರಡು ಮಹಡಿ ಬಂದು, ಆಮೇಲೆ "ಒಂದನೇ ಮಹಡಿ" ಶುರುವಾಗುವುದುಂಟು. ಚಿಕ್ಕಮ್ಮನ ಮಂಡಿಗೆ ಆ ಮೆಟ್ಟಿಲು ಬೇಡ.

ಊಟ. ಬರೀ "ವೆಜಿಟೇರಿಯನ್" ಅಂದರೆ ಸಾಲದು. ಒಂದು ಕಡೆ ಹಾಗೆ ಹೇಳಿ ಸಲಾಡ್ ಕೇಳಿದರೆ ಮೇಲೆ ಟ್ಯೂನಾ ಮೀನು ಉದುರಿಸಿ ತಂದಿಟ್ಟರು. ಅಲ್ಲಿ ಅದೇ ರೂಢಿ. "ಸಿನ್ ಕಾರ್ನೆ, ಸಿನ್ ಹಾಮೋನ್, ಸಿನ್ ಪೆಸ್ಕಾದೊ, ಸಿನ್ ಅತೂನ್" ಅಂತ ಹೇಳು. ಮಾಂಸ, ಹಂದಿ ಮಾಂಸ, ಮೀನು, ಟ್ಯೂನಾ ಯಾವುದೂ ಬೇಡ ಅಂತ. ತರಕಾರಿ ಪಾಯೆಯಾ ಅಂದರೂ ಬೇಯಿಸಿದ ನೀರು ಮಾಂಸದ್ದಾ ಅಂತ ಕೇಳು. ಟೊಮೆಟೊ ಉಜ್ಜಿದ ಬ್ರೆಡ್ಡು, ಹುರಿದ ಪಾದ್ರೋನ್ ಮೆಣಸಿನಕಾಯಿ, ಗಾಸ್ಪಾಚೊ ಅನ್ನುವ ತಣ್ಣನೆ ಟೊಮೆಟೊ ಸೂಪು, ಚುರೋಸ್ ಅನ್ನುವ ಕರಿದ ತಿಂಡಿ ಇವೆಲ್ಲ ಹಿಡಿಸುತ್ತವೆ. ತೋರ್ತಿಯಾದಲ್ಲಿ ಆಲೂಗಡ್ಡೆ ಜೊತೆ ಮೊಟ್ಟೆ ಇರುತ್ತದೆ, ಚಿಕ್ಕಮ್ಮನಿಗೆ ಬೇಡ. ರಾತ್ರಿ ಹೋಟೆಲುಗಳ ಅಡುಗೆಮನೆ ಎಂಟೂವರೆ ಮೇಲೆಯೇ ಶುರು. ಅದಕ್ಕೇ ಸಂಜೆ ಆರಕ್ಕೆ ಮಕ್ಕಳಿಗೆ ಮನೆಯಲ್ಲೇ ಮೊಸರನ್ನ ತಿನ್ನಿಸಿ ಹೊರಡು. ಸೂಪರ್ ಮಾರ್ಕೆಟ್ಟಿನಲ್ಲಿ ಒಳ್ಳೇ ಮೊಸರು ಸಿಗುತ್ತದೆ, ಭಾನುವಾರ ಹೆಚ್ಚಿನವು ಮುಚ್ಚಿರುತ್ತವೆ, ಶನಿವಾರವೇ ತಂದಿಡು. ಚಿಕ್ಕಮ್ಮ, ಚಟ್ನಿಪುಡಿ ತನ್ನಿ. ಇಂಗ್ಲೆಂಡಿನಿಂದ ಸ್ಪೇನಿಗೆ ಹೋಗುವಾಗ ತುಪ್ಪ, ಪೇಡ, ಹಸಿ ಕರಿಬೇವು ಒಯ್ಯಬೇಡಿ. ಹೊರದೇಶದಿಂದ ಹಾಲಿನ ಪದಾರ್ಥ ತರಲು ಬಿಡುವುದಿಲ್ಲ.

ಔಷಧಿಯ ಒಂದು ಮಾತು, ಇದನ್ನು ನೆನಪಿಡು. ಅಲ್ಲಿ ಮಕ್ಕಳಿಗೆ ಕೊಡುವ ಪ್ಯಾರಸಿಟಮಾಲ್ ಹನಿ ಗಟ್ಟಿ, ಒಂದು ಎಂಎಲ್‌ಗೆ 100 ಮಿಲಿಗ್ರಾಂ. ನಿಮ್ಮ ಇಂಗ್ಲೆಂಡಿನ ಸಿರಪ್ 5 ಎಂಎಲ್‌ಗೆ 120. ಅದೇ ಅಳತೆಯಲ್ಲಿ ಕೊಟ್ಟರೆ ನಾಲ್ಕು ಪಟ್ಟು ಹೆಚ್ಚಾಗುತ್ತದೆ. ನಿನ್ನ ಬಾಟಲಿಯನ್ನೇ ಒಯ್ಯಿ, ಓಆರ್‌ಎಸ್ ಪೊಟ್ಟಣಗಳನ್ನೂ. ತುರ್ತಿಗೆ ನಂಬರು 112. ಕಾರು ಬಾಡಿಗೆಗೆ ತೆಗೆದುಕೊಂಡರೆ ಇಬ್ಬರು ಮಕ್ಕಳಿಗೂ ಚಿಕ್ಕವರ ಕಾರ್ ಸೀಟು ಬೇಕು, 135 ಸೆಂಟಿಮೀಟರ್ ಎತ್ತರದವರೆಗೆ ಕಡ್ಡಾಯ.

ಕೊನೆಗೆ ವೀಸಾ. ಚಿಕ್ಕಪ್ಪ ಚಿಕ್ಕಮ್ಮ ಇಂಗ್ಲೆಂಡಿಗೆ ಬಂದಮೇಲೆ ಮಾಡಿದರಾಯಿತು ಅಂತ ಇರಬೇಡಿ. ಷೆಂಗೆನ್ ಅಂದರೆ ಸ್ಪೇನೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ. ಅದರ ಅರ್ಜಿಯನ್ನು ತಾವು ವಾಸವಿರುವ ದೇಶದಲ್ಲೇ ಹಾಕಬೇಕು, ಅಂದರೆ ಬೆಂಗಳೂರಲ್ಲಿ, ಹೊರಡುವ ಮುಂಚೆ. ಆರು ತಿಂಗಳು ಮೊದಲೇ ಹಾಕಬಹುದು. ದೊಡ್ಡವರಿಗೆ 90 ಯೂರೊ, ಆರು ವರ್ಷದೊಳಗಿನ ಮಕ್ಕಳಿಗೆ ವೀಸಾ ಶುಲ್ಕ ಇಲ್ಲ. 30,000 ಯೂರೊ ವಿಮೆ ಎಲ್ಲರಿಗೂ. ಪಾಸ್‌ಪೋರ್ಟು ಕೊಟ್ಟು ಹತ್ತು ವರ್ಷ ದಾಟಿರಬಾರದು, ವಾಪಸ್ ಬಂದಮೇಲೂ ಮೂರು ತಿಂಗಳು ಅವಧಿ ಉಳಿದಿರಬೇಕು.

ಬೇಸಿಗೆಗೆ ಅಪಾಯಿಂಟ್‌ಮೆಂಟು ಬೇಗ ಖಾಲಿಯಾಗುತ್ತವೆ. ಚಿಕ್ಕಪ್ಪ, ಇವತ್ತೇ ಬೀರುವಿನಿಂದ ಎರಡೂ ಪಾಸ್‌ಪೋರ್ಟ್ ತೆಗೆದು, ಅವಧಿ ಯಾವಾಗ ಮುಗಿಯುತ್ತದೆ ಅಂತ ಇಲ್ಲಿ ಬರೆಯಿರಿ. ಪುಟ್ಟಿ, ನೀನು ತಾರೀಕು ಹೇಳು. ಅಲ್ಬುಫೇರಾ ದೋಣಿಯವರ ಹತ್ತಿರ ಮಾತಾಡುವುದು ನನಗೆ ಬಿಡು.